ನೆರೆಮನೆಯ ಬಾಗಿಲಲ್ಲಿ ನಂಬಿಕೆ: ಹತ್ತು ಸೂತ್ರಗಳು

ಧಾತು, ಈಶ್ವರ ಸಂವತ್ಸರಗಳ ಬರ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಆ ಹಸಿವಿನ ಲೆಕ್ಕ ಜನಗಣತಿಯಲ್ಲೇ ಇದೆ. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಆ ದಿನಗಳಲ್ಲಿ ಮಿಸ್ ಆನ್‌ಸ್ಟೀ ಎಂಬ ಮಿಷನರಿ ಮಹಿಳೆ ಕೋಲಾರದಲ್ಲಿ ಅನಾಥ ಮಕ್ಕಳನ್ನು ಸೇರಿಸಿಕೊಂಡು ಅನ್ನವಿಟ್ಟರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನ ಕೈಸೇರಿತು. 1910ರಲ್ಲಿ ಅದೇ ಊರಿನಲ್ಲಿ ಎಲೆನ್ ಥೋಬರ್ನ್ ಕೊವೆನ್ ಸ್ಮಾರಕ ಆಸ್ಪತ್ರೆ ಎದ್ದು ನಿಂತಿತು. ಜನರ ಬಾಯಲ್ಲಿ ಅದು ಇಟಿಸಿಎಂ ಆಸ್ಪತ್ರೆ.

ಅನಾಥಾಲಯ, ಆಸ್ಪತ್ರೆ ಕಟ್ಟುವುದು ಎಲ್ಲರ ಕೈಲಾಗುವ ಕೆಲಸವಲ್ಲ, ನಿಜ. ಆದರೆ ಅದೆಲ್ಲ ಶುರುವಾದದ್ದು ಒಂದು ಹಸಿದ ಮಗುವಿಗೆ ಹಾಕಿದ ಒಂದು ತುತ್ತಿನಿಂದ. ಆ ತುತ್ತು ನಮ್ಮೆಲ್ಲರ ಕೈಲೂ ಇದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಸಭೆಗಳವರು ಭಾನುವಾರ ಹಾಡಿದ್ದನ್ನು ಸೋಮವಾರ ಬದುಕಲು ಈ ಹತ್ತು ಸೂತ್ರಗಳು.

1. ಹತ್ತು ಮನೆಗಳನ್ನು ಬರೆದಿಟ್ಟುಕೊಳ್ಳಿ

"ಎಲ್ಲರನ್ನೂ ಪ್ರೀತಿಸುತ್ತೇನೆ" ಎನ್ನುವುದು ಸುಲಭ. ಪಕ್ಕದ ಮನೆಯ ಅಜ್ಜಿಗೆ ಯಾವ ಮಾತ್ರೆ ಮುಗಿದಿದೆ ಎಂದು ಗೊತ್ತಿರುವುದು ಕಷ್ಟ. ಒಂದು ನೋಟ್‌ಬುಕ್ ತೆಗೆದು ನಿಮ್ಮ ಮನೆಯ ಸುತ್ತಲಿನ ಹತ್ತು ಮನೆಗಳನ್ನು ಬರೆಯಿರಿ. ಜಾತಿ, ಧರ್ಮ ನೋಡದೆ, ಬಾಗಿಲು ಎಲ್ಲಿದೆಯೋ ಅಲ್ಲಿಂದ ಎಣಿಸಿ. ಒಂಟಿಯಾಗಿರುವ ವೃದ್ಧರು ಯಾರು? ಕಾಯಿಲೆಯವರು ಯಾರು? ಯಾವ ಮಗು ಶಾಲೆ ಬಿಟ್ಟಿದೆ? ಮೊದಲ ವಾರ ಇಷ್ಟು ತಿಳಿದುಕೊಂಡರೆ ಸಾಕು. ಕುಟುಂಬ ಪ್ರಾರ್ಥನೆಯಲ್ಲಿ ಆ ಹತ್ತು ಮನೆಗಳನ್ನು ಹೆಸರು ಹಿಡಿದು ನೆನೆಯಿರಿ. ರಾತ್ರಿ ಹೆಸರು ಹೇಳಿ ಪ್ರಾರ್ಥಿಸಿದವರನ್ನು ಬೆಳಿಗ್ಗೆ ಕಂಡೂ ಕಾಣದಂತೆ ದಾಟಿಹೋಗಲು ಆಗುವುದಿಲ್ಲ.

2. ದಾರಿಯಲ್ಲಿ ನಿಲ್ಲುವುದನ್ನು ಕಲಿಯಿರಿ

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯಾಜಕನೂ ಲೇವಿಯನೂ ಗಾಯಾಳುವನ್ನು ನೋಡಿದರು, ಪಕ್ಕಕ್ಕೆ ಸರಿದು ಹೋದರು. ಸಮಾರ್ಯದವನು ನಿಂತ. ನಮ್ಮ ನರಸಾಪುರ, ಕೋಲಾರ, ಮುಳಬಾಗಿಲುಗಳನ್ನು ದಾಟುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಆ ಕಥೆ ಇಂದಿಗೂ ನಡೆಯುತ್ತಿದೆ. "ಪೊಲೀಸು, ಕೋರ್ಟು ಯಾಕೆ ಬೇಕು" ಎಂಬ ಭಯವಿದ್ದರೆ ಅದನ್ನು ಬಿಡಿ. ಕರ್ನಾಟಕದ 2016ರ ಕಾಯ್ದೆ ಮತ್ತು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಎರಡೂ ನೆರವಿಗೆ ನಿಂತವರಿಗೆ ರಕ್ಷಣೆ ಕೊಡುತ್ತವೆ. ಆ ಕಾನೂನುಗಳು ಅಂಥವರನ್ನು ಕರೆಯುವುದೇ "ಗುಡ್ ಸಮಾರಿಟನ್" ಎಂದು! 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಗಾಯಾಳುವಿನ ಪಕ್ಕದಲ್ಲೇ ಇರಿ.

3. ನೀರಿನಿಂದ ಶುರುಮಾಡಿ

ಬಾಯಾರಿದವನಿಗೆ ಕೊಟ್ಟ ನೀರು ತನಗೇ ಕೊಟ್ಟಂತೆ ಎಂದು ಕರ್ತನು ಎಣಿಸುತ್ತಾನೆ. ಬತ್ತಿದ ಕೆರೆ, ಆಳಕ್ಕಿಳಿದ ಕೊಳವೆಬಾವಿಗಳ ನಮ್ಮ ಜಿಲ್ಲೆಗೆ ಆ ಮಾತು ನೇರವಾಗಿ ತಾಗುತ್ತದೆ. ಇಲ್ಲಿ ಕೊಡುವ ನೀರು ಯಾವ ನೀರು ಎಂಬುದನ್ನೂ ನೋಡಬೇಕು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ವರ್ಷಗಟ್ಟಲೆ ಒಳಗೆ ಹೋದರೆ ಹಲ್ಲು, ಮೂಳೆ ಎರಡನ್ನೂ ಕೆಡಿಸುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ಬರುತ್ತಿರುವ ಬೆಂಗಳೂರಿನ ಸಂಸ್ಕರಿತ ನೀರು ಅಂತರ್ಜಲ ಹೆಚ್ಚಿಸುವುದಕ್ಕೆ ಮಾತ್ರ, ಕುಡಿಯುವುದಕ್ಕಲ್ಲ. ಇದನ್ನು ನೆರೆಯವರಿಗೆ ತಿಳಿಸಿ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆದು, ಸರಿಯಾಗುವವರೆಗೆ ಹೋಗಿ ಕೇಳಿ. ಬಿಂದಿಗೆ ಎತ್ತಲಾರದ ಮನೆಗೆ ಒಂದು ಕ್ಯಾನ್ ನೀವೇ ತಲುಪಿಸಿ.

4. ಆಸ್ಪತ್ರೆಗೆ ಜೊತೆಯಾಗಿ ಹೋಗಿ

ಬಡವರಿಗೆ ಎಷ್ಟೋ ಸಲ ಚಿಕಿತ್ಸೆಗಿಂತ ದೊಡ್ಡ ಕೊರತೆ ಜೊತೆಗೆ ಬರುವವರದು. ಚೀಟಿ ಎಲ್ಲಿ ಮಾಡಿಸಬೇಕು, ರಕ್ತ ಪರೀಕ್ಷೆ ಯಾವ ಕೋಣೆಯಲ್ಲಿ, ಡಾಕ್ಟರು ಹೇಳಿದ್ದೇನು ಎಂದು ತಿಳಿಯದೆ ಅರ್ಧ ದಾರಿಯಲ್ಲೇ ಮನೆಗೆ ಮರಳುತ್ತಾರೆ. ತಿಂಗಳಲ್ಲಿ ಒಂದು ದಿನ ಒಬ್ಬರ ಜೊತೆ ಹೋಗಿ. ಕ್ಷಯರೋಗಿ ಇದ್ದರೆ ಇನ್ನೂ ಹತ್ತಿರ ನಿಲ್ಲಿ. ಸರ್ಕಾರಿ ಚಿಕಿತ್ಸೆ ಉಚಿತ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದಂತಾಗುತ್ತದೆ. ದಿನವೂ "ಮಾತ್ರೆ ತಗೊಂಡ್ಯಾ ಅಣ್ಣ?" ಎಂದು ಕೇಳುವ ನೆರೆಯವರು ಆ ಮನೆಗೆ ದೇವರು ಕಳಿಸಿದವರು.

5. ನೆರೆಯವರ ನುಡಿಯಲ್ಲಿ ಮಾತಾಡಿ

ನಮ್ಮದು ಗಡಿಸೀಮೆ. ಮುಳಬಾಗಿಲು, ಶ್ರೀನಿವಾಸಪುರಗಳ ಸಂತೆಯಲ್ಲಿ ಕನ್ನಡದ ಜೊತೆ ತೆಲುಗು ಸರಾಗವಾಗಿ ಹರಿಯುತ್ತದೆ. ಉರ್ದು, ತಮಿಳು ಮನೆಗಳೂ ಬೇಕಾದಷ್ಟು. ದುಃಖದಲ್ಲಿರುವವರು ಮನೆಮಾತಿಗೆ ಬೇಗ ಕರಗುತ್ತಾರೆ. ಮಾಲೂರಿನ ಇಟ್ಟಿಗೆ ಗೂಡು, ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ಬಂದವರಿಗೆ ಇಲ್ಲಿ ಯಾರ ಗುರುತೂ ಇರುವುದಿಲ್ಲ. ಅವರ ಊರಿನ ಪಡಿತರ ಚೀಟಿಯಲ್ಲೇ ಇಲ್ಲಿಯೂ ರೇಷನ್ ಪಡೆಯಬಹುದು ಎಂಬುದು ಎಷ್ಟೋ ಜನಕ್ಕೆ ತಿಳಿದಿಲ್ಲ. ಅದನ್ನು ಹೇಳಿ, ನ್ಯಾಯಬೆಲೆ ಅಂಗಡಿಗೆ ಕರೆದುಕೊಂಡು ಹೋಗಿ, ಮಕ್ಕಳನ್ನು ಅಂಗನವಾಡಿಗೆ ಸೇರಿಸಿ. ಪರದೇಶಿಯನ್ನು ಆದರಿಸುವುದು ಬೈಬಲ್ಲಿನ ಮೊದಲ ಪುಸ್ತಕಗಳಿಂದಲೇ ಬಂದ ಆಜ್ಞೆ.

6. ಬೆಲೆ ಬಿದ್ದಾಗ ಹೋಗಿ

ಸುಗ್ಗಿ ಹಬ್ಬದಲ್ಲಿ ಫಲ ತಂದು ದೇವಾಲಯದಲ್ಲಿಡುವ ರೈತನಿಗೆ ಬೆಳೆ ಕೈಕೊಟ್ಟಾಗ ಸಭೆ ಎಲ್ಲಿರುತ್ತದೆ? 2025ರ ಜೂನ್‌ನಲ್ಲಿ ತೋತಾಪುರಿ ಮಾವಿನ ಬೆಲೆ ನೆಲಕಚ್ಚಿ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದರು. ಟೊಮೆಟೊ ಬೆಳೆಯುವವರಿಗೂ ಇಂಥ ವರ್ಷಗಳು ಹೊಸದಲ್ಲ. ಅಂಥ ದಿನಗಳಲ್ಲಿ ಸಾಲಗಾರನ ಮನೆಗೆ ಯಾರೂ ಹೋಗುವುದಿಲ್ಲ. ನೀವು ಹೋಗಿ. ಉಪದೇಶ ಬೇಡ, ಕುಳಿತು ಕೇಳಿ. ಮಾವನ್ನೋ ಟೊಮೆಟೊವನ್ನೋ ತೋಟದಿಂದಲೇ ನ್ಯಾಯವಾದ ಬೆಲೆಗೆ ಕೊಂಡು ಸಭೆಯ ಮನೆಗಳಿಗೆ ಹಂಚಿ. ಮನಸ್ಸು ಕುಸಿದವರಿಗೆ ಟೆಲಿ ಮಾನಸ್ ಸಹಾಯವಾಣಿ 14416ರ ಸಂಖ್ಯೆ ಕೊಟ್ಟು, ಕರೆ ಮಾಡುವಾಗ ಪಕ್ಕದಲ್ಲಿರಿ.

7. ಓದು ಬರಹವನ್ನು ಕಾಣಿಕೆಯಾಗಿ ಕೊಡಿ

ದುಡ್ಡಿಲ್ಲದವರೂ ಕೊಡಬಹುದಾದ ದೊಡ್ಡ ದಾನವೆಂದರೆ ಅರ್ಜಿ ತುಂಬಿಕೊಡುವುದು. 65 ದಾಟಿದ ಬಡ ವೃದ್ಧರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಆಧಾರ್ ಬ್ಯಾಂಕಿಗೆ ಜೋಡಣೆಯಾಗಿಲ್ಲ, ಹೆಸರಿನಲ್ಲಿ ಒಂದಕ್ಷರ ಹೆಚ್ಚು ಕಮ್ಮಿ ಎಂದು ಅದು ನಿಂತುಹೋದರೆ ಅವರು ಯಾರನ್ನು ಕೇಳಬೇಕು? ಯೌವನಸ್ಥರ ಕೂಟದ ಇಬ್ಬರು ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಮೊಬೈಲು, ಪೆನ್ನು ಹಿಡಿದು ಕುಳಿತರೆ ಸಾಕು. ನಾಡಕಚೇರಿಗೆ ಹೋಗಬೇಕಾದವರ ಜೊತೆ ಒಬ್ಬರು ಹೋಗಿಬರಲಿ. ವೃದ್ಧರ ಸಹಾಯವಾಣಿ 14567, ಮಕ್ಕಳದು 1098. ಎರಡನ್ನೂ ದೇವಾಲಯದ ಬಾಗಿಲಲ್ಲಿ ದೊಡ್ಡದಾಗಿ ಬರೆದು ಅಂಟಿಸಿ.

8. ಷರತ್ತು ಬೇಡ

ಇದರಲ್ಲಿ ರಾಜಿ ಇಲ್ಲ. ಕೊಟ್ಟ ಅಕ್ಕಿಗೆ ಬದಲಾಗಿ ಏನನ್ನೂ ಬಯಸಬೇಡಿ, ಅವರು ಸಭೆಗೆ ಬರುವುದನ್ನೂ ಸಹ. ಯೇಸು ವಾಸಿಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯಿಂದ ಆತನು ಗುಣವನ್ನು ವಾಪಸು ಕಿತ್ತುಕೊಳ್ಳಲಿಲ್ಲ. ನೆರೆಯವನ ಕಷ್ಟವನ್ನು ಮೆಟ್ಟಿಲಾಗಿ ಬಳಸಿದರೆ ಪ್ರೀತಿ ವ್ಯಾಪಾರವಾಗುತ್ತದೆ. ಅವರ ಹಬ್ಬ, ಅವರ ನಂಬಿಕೆಗೆ ಗೌರವ ಕೊಡಿ. "ನೀವು ಇದನ್ನೆಲ್ಲ ಯಾಕೆ ಮಾಡ್ತೀರಿ?" ಎಂದು ಅವರೇ ಕೇಳಿದ ದಿನ ಸತ್ಯವನ್ನು ಸರಳವಾಗಿ ಹೇಳಿ.

9. ಫೋಟೊ ಬೇಡ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಬೆಟ್ಟದ ಪ್ರಸಂಗ ಕಲಿಸುತ್ತದೆ. ಹಾಗಿರುವಾಗ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹೇಗೆ ಹಾಕುವುದು? ಅಕ್ಕಿ ಚೀಲ ಹಿಡಿದು ಕ್ಯಾಮೆರಾ ಮುಂದೆ ನಿಂತ ತಾಯಿಯ ಮಕ್ಕಳು ನಾಳೆ ಶಾಲೆಯಲ್ಲಿ ತಲೆತಗ್ಗಿಸಬೇಕಾಗುತ್ತದೆ. ಕತ್ತಲಾದ ಮೇಲೆ ಹೋಗಿ, ಚೀಲವನ್ನು ಜಗಲಿಯ ಮೇಲಿಟ್ಟು ಬನ್ನಿ. ಲೆಕ್ಕ ಬೇಕಾದದ್ದು ಸಭೆಯ ಹಣಕ್ಕೆ; ಅದನ್ನು ಪೈಸೆ ಪೈಸೆ ಬರೆದಿಡಿ. ಪಡೆದವರ ಮುಖ ಮಾತ್ರ ಎಲ್ಲೂ ಬೇಡ.

10. ಒಪ್ಪಿಸಿ, ಮತ್ತೆ ಬನ್ನಿ

ಸಮಾರ್ಯದವನ ಕಥೆಯ ಕೊನೆಯನ್ನು ನಾವು ಬೇಗ ಮರೆಯುತ್ತೇವೆ. ಅವನು ಗಾಯಾಳುವನ್ನು ಛತ್ರದವನಿಗೆ ಒಪ್ಪಿಸಿದ, ಎರಡು ದಿನದ ಕೂಲಿಯಷ್ಟು ಹಣ ಕೊಟ್ಟ, ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುತ್ತೇನೆಂದು ಹೇಳಿ ಹೊರಟ. ಒಬ್ಬನ ಕೈಯಲ್ಲೇ ಎಲ್ಲವೂ ಉಳಿಯಲಿಲ್ಲ. ಕೋಲಾರದ ಅನಾಥ ಮಕ್ಕಳ ಕೆಲಸವೂ 1890ರಲ್ಲಿ ಮತ್ತೊಬ್ಬರ ಕೈಗೆ ಹೋದದ್ದರಿಂದಲೇ ಬೆಳೆಯಿತು. ನಿಮ್ಮ ಹತ್ತು ಮನೆಗಳಲ್ಲಿ ಐದನ್ನು ಒಬ್ಬ ಯುವಕನಿಗೋ ಯುವತಿಗೋ ಈ ವರ್ಷವೇ ವಹಿಸಿ. ಅವರು ತಪ್ಪಿದರೆ ತಿದ್ದಿ, ದಣಿದರೆ ಜೊತೆ ನಿಲ್ಲಿ. ಕೊಟ್ಟ ಮಾತಿನ ದಿನ ಮಾತ್ರ ತಪ್ಪದೆ ಮರಳಿ ಹೋಗಿ. ಸೇವೆಯಲ್ಲಿ ಜನ ನಂಬುವುದು ಎರಡನೇ ಸಲ ಬಂದವರನ್ನು.

ಹತ್ತನ್ನೂ ಒಟ್ಟಿಗೆ ಹಿಡಿಯಬೇಡಿ, ಕೈ ಸೋಲುತ್ತದೆ. ಈ ವಾರ ಒಂದು ಮನೆ, ಒಂದು ಕೆಲಸ. ಇವತ್ತು ಸಂಜೆ ಹತ್ತಿರದ ಬಾಗಿಲನ್ನು ತಟ್ಟಿ, "ಚೆನ್ನಾಗಿದ್ದೀರಾ?" ಎಂದು ಕೇಳಿ. ಉತ್ತರ ಪೂರ್ತಿ ಮುಗಿಯುವವರೆಗೆ ಅಲ್ಲೇ ಕುಳಿತಿರಿ.