ಏಳರ ಭಾಗಾಕಾರದಲ್ಲಿ ಸುತ್ತುವ ಆರು ಅಂಕಿಗಳು

ಪ್ರಶ್ನೆ: 142857ನ್ನು 2, 3, 4, 5, 6 ಯಾವುದರಿಂದ ಗುಣಿಸಿದರೂ ಅವೇ ಆರು ಅಂಕಿಗಳು ಜಾಗ ಬದಲಿಸಿ ಬರುತ್ತವೆ. 7ರಿಂದ ಗುಣಿಸಿದರೆ ಮಾತ್ರ 999999. ಇದು ಆಕಸ್ಮಿಕವೇ? ಇಂಥ ಬೇರೆ ಸಂಖ್ಯೆಗಳೂ ಇವೆಯೇ?

ಉತ್ತರ: ಖಂಡಿತ ಆಕಸ್ಮಿಕವಲ್ಲ. ಜಾಗ ಬದಲಾದರೂ ಅಂಕಿಗಳ ಸರದಿ ಕೆಡುವುದಿಲ್ಲ ಎಂಬುದನ್ನು ಮೊದಲು ಗಮನಿಸಿ. 285714, 428571, 571428 ಹೀಗೆ ಎಲ್ಲಿಂದ ಶುರುವಾದರೂ 1 ಆದಮೇಲೆ 4, ಆಮೇಲೆ 2, 8, 5, 7, ಮತ್ತೆ 1.

ಗುಟ್ಟೆಲ್ಲ ಇರುವುದು 1ನ್ನು 7ರಿಂದ ಭಾಗಿಸುವುದರಲ್ಲಿ. ಕ್ಯಾಲ್ಕುಲೇಟರ್ ಬದಿಗಿಟ್ಟು ಕಾಗದದ ಮೇಲೆ ಮಾಡಿ. 10ರಲ್ಲಿ ಏಳು ಒಂದು ಸಲ, ಶೇಷ 3. ಸೊನ್ನೆ ಇಳಿಸಿದರೆ 30. ನಾಲ್ಕು ಸಲ, ಶೇಷ 2. 20ರಲ್ಲಿ ಎರಡು ಸಲ, ಶೇಷ 6. 60ರಲ್ಲಿ ಎಂಟು, ಶೇಷ 4. 40ರಲ್ಲಿ ಐದು, ಶೇಷ 5. 50ರಲ್ಲಿ ಏಳು, ಶೇಷ 1. ಹೊರಟಲ್ಲಿಗೇ ಬಂದೆವು; ಇನ್ನು ಮುಂದೆ ಅದೇ ಲೆಕ್ಕ, ಅದೇ ಅಂಕಿಗಳು. 7ರಿಂದ ಭಾಗಿಸುವಾಗ ಉಳಿಯಬಹುದಾದ 1ರಿಂದ 6ರವರೆಗಿನ ಶೇಷಗಳೆಲ್ಲ ಒಂದೊಂದೇ ಸಲ ಬಂದುಹೋದವು. ಹಾಗಾಗಿ 2ನ್ನು 7ರಿಂದ ಭಾಗಿಸುವುದೆಂದರೆ ಇದೇ ಲೆಕ್ಕವನ್ನು ಶೇಷ 2 ಇರುವಲ್ಲಿಂದ ಶುರುಮಾಡುವುದು, ಅಷ್ಟೇ. ಉತ್ತರ 285714 ಎಂದೇ ಬರಬೇಕು.

ಮೂರನೆಯ ಹೆಜ್ಜೆಯಲ್ಲಿ ಉಳಿದ 6ನ್ನು ನೋಡಿ. ಅದು 7ಕ್ಕೆ ಒಂದೇ ಕಡಿಮೆ. ಸಂಖ್ಯೆಯನ್ನು ನಡುವೆ ಕತ್ತರಿಸಿ ಕೂಡಿದರೆ 142 + 857 = 999 ಆಗುವುದು ಇದರಿಂದಲೇ. ನೂರು ಕೋಟಿಯನ್ನು 7ರಿಂದ ಭಾಗಿಸಿದರೂ ಉಳಿಯುವುದು 6. ಇನ್ನೊಂದು ಸೇರಿಸಿದರೆ ಶೇಷವಿಲ್ಲದೆ ಭಾಗವಾಗುತ್ತದೆ. 142857143 × 7 = 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಈ ಗುಣಲಬ್ಧವನ್ನು ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೊರಳ ಹಾರವೆಂದು ಕೊಟ್ಟಿದ್ದಾರೆ. ಗುಣಾಕಾರ ಕಲಿಸುವ ಜಾಗದಲ್ಲಿ ಇಂಥ ಲೆಕ್ಕಗಳನ್ನೇ ಆರಿಸಿಟ್ಟ ಆ ಮೇಷ್ಟರ ಅಭಿರುಚಿ ನನಗೆ ತುಂಬ ಇಷ್ಟ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಎಲ್ಲ ಅವಿಭಾಜ್ಯ ಸಂಖ್ಯೆಗಳೂ 7ರ ಹಾಗೆ ನಡೆದುಕೊಳ್ಳುವುದಿಲ್ಲ. 13ರಲ್ಲಿ ಹನ್ನೆರಡು ಶೇಷಗಳು ಆರಾರರ ಎರಡು ಗುಂಪಾಗಿ ಒಡೆಯುತ್ತವೆ. 076923ನ್ನು ಇಮ್ಮಡಿಸಿದರೆ 153846 ಎಂಬ ಬೇರೆಯೇ ಸರದಿ ಸಿಗುತ್ತದೆ. 17ರಲ್ಲಿ ಹದಿನಾರೂ ಶೇಷಗಳು ಒಂದೇ ಸುತ್ತಿನಲ್ಲಿ ಬರುತ್ತವೆ, ಸಂಖ್ಯೆ 0588235294117647. ಮೊದಲಿನ ಸೊನ್ನೆ ಬಿಡುವಂತಿಲ್ಲ. ಭಾಜಕ ಹತ್ತನ್ನು ದಾಟಿದ ಮೇಲೆ ಸೊನ್ನೆಯಿಂದಲೇ ಶುರುವಾಗಬೇಕಾದ್ದರಿಂದ, ಸೊನ್ನೆಯ ಹಂಗಿಲ್ಲದ ಇಂಥ ಸಂಖ್ಯೆ ನೀವು ಕೇಳಿದ್ದೊಂದೇ.

ನೂರರೊಳಗೆ ಇಂಥ ಭಾಜಕಗಳು ಒಂಬತ್ತು: 7, 17, 19, 23, 29, 47, 59, 61, 97. ಇವುಗಳಿಗೆ ಕೊನೆಯುಂಟೇ? ಇಲ್ಲವೆಂಬುದು 1927ರಲ್ಲಿ ಎಮಿಲ್ ಆರ್ಟಿನ್ ಮಂಡಿಸಿದ ಊಹೆಯಿಂದ ಬರುವ ಮಾತು. 1967ರಲ್ಲಿ ಕ್ರಿಸ್ಟೋಫರ್ ಹೂಲಿ ಅದನ್ನು ಸಾಧಿಸಿ ತೋರಿಸಿದರು, ಆದರೆ ರೀಮಾನ್ ಊಹೆಯ ವ್ಯಾಪಕ ರೂಪ ನಿಜವೆಂದು ಒಪ್ಪಿಕೊಂಡು. ಆ ಆಸರೆಯಿಲ್ಲದ ಸಾಧನೆ ಇನ್ನೂ ಯಾರಿಗೂ ಸಿಕ್ಕಿಲ್ಲ.