ಕೈ ಸರಿಹೋಗುವವರೆಗೆ ಕಾಯಬೇಡಿ

ಆರೋಗ್ಯ ಪ್ರಶ್ನೋತ್ತರ

ಲಕ್ವ ಹೊಡೆದವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಮುಂದೇನು ಎಂದು ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯಿಂದ ಓದುಗರು ಕೇಳಿದ್ದಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನನ್ನ ಯಜಮಾನರಿಗೆ 56 ವರ್ಷ. ನಾಲ್ಕು ತಿಂಗಳ ಹಿಂದೆ ಎಡಗಡೆ ಲಕ್ವ ಹೊಡೆಯಿತು. ಈಗ ಕೋಲು ಹಿಡಿದು ಮನೆಯೊಳಗೆ ನಡೆಯುತ್ತಾರೆ. ರೇಷ್ಮೆ ಹುಳು ಸಾಕುತ್ತಿದ್ದವರು. ಡೇರಿಗೆ ಹಾಲು ಹಾಕಿ, ಅಲ್ಲೇ ಒಂದು ಗಳಿಗೆ ಕೂತು ಮಾತಾಡಿ ಬರುತ್ತಿದ್ದರು. ಈಗ ಜಗಲಿಗೂ ಬರುವುದಿಲ್ಲ. ‘ಕೈ ಸರಿಹೋಗಲಿ, ಆಮೇಲೆ ಬತ್ತೀನಿ’ ಅನ್ನುತ್ತಾರೆ. ಬಲವಂತ ಮಾಡಲೇ, ಸುಮ್ಮನಿರಲೇ?
– ಗೃಹಿಣಿ, ಅಗರ

ಉತ್ತರ: ಬಲವಂತ ಬೇಡಮ್ಮ, ಆದರೆ ಸುಮ್ಮನೂ ಇರಬೇಡಿ. ಲಕ್ವದ ನಂತರ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಬೇಗ ಕಾಣುತ್ತದೆ. ಆಮೇಲೆ ನಿಧಾನವಾಗುತ್ತದೆ, ನಿಂತುಹೋಗುವುದಿಲ್ಲ. ಸಾಮಾನ್ಯವಾಗಿ ಕಾಲು ಮೊದಲು ಸುಧಾರಿಸುತ್ತದೆ, ಕೈ ಹಿಂದುಳಿಯುತ್ತದೆ. ಕೆಲವರಿಗೆ ಕೈ ಪೂರ್ತಿ ಬರುವುದೇ ಇಲ್ಲ. ಹಾಗಾಗಿ ಕೈಗಾಗಿ ಕಾದರೆ ವರ್ಷಗಳೇ ಉರುಳಬಹುದು. ಹೊರಗೆ ಹೋಗುವುದು ಗುಣವಾದ ಮೇಲಿನ ಮಾತಲ್ಲ, ಗುಣವಾಗುವ ದಾರಿಯೇ ಅದು. ಮಿದುಳಿನ ಒಂದು ಭಾಗ ಸತ್ತರೆ ಉಳಿದ ಭಾಗ ಅದರ ಕೆಲಸವನ್ನು ಸ್ವಲ್ಪಸ್ವಲ್ಪವೇ ಕಲಿಯುತ್ತದೆ. ಹಾಗೆ ಕಲಿಯಬೇಕಾದರೆ ದಿನವೂ ನಿಜವಾದ ಕೆಲಸ ಇರಬೇಕು.

ಮೊದಲ ವಾರ ಜಗಲಿ ಸಾಕು. ಹೊಸ್ತಿಲು, ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಗಟ್ಟಿಯಾದ ಬಿದಿರು ಕಟ್ಟಿ. ಕೋಲು ಬಲ ಇರುವ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಅಂಗಿ ತೊಡುವಾಗ ಸೋತ ಕೈಯಿಂದ ಶುರು ಮಾಡಲಿ. ಎರಡನೇ ವಾರ, ಜನ ಕಡಿಮೆ ಇರುವ ಹೊತ್ತಿನಲ್ಲಿ ಡೇರಿವರೆಗೆ ಹೋಗಿ ಬರಲಿ. ಹೊರಗೆ ಹೋಗಿ ಬಂದ ದಿನ ತುಂಬಾ ಸುಸ್ತಾಗುತ್ತದೆ. ಅದು ಸೋಮಾರಿತನವಲ್ಲ, ಈ ಕಾಯಿಲೆಯ ಲಕ್ಷಣ. ವಿಶ್ರಾಂತಿ ಕೊಡಿ.

ಹುಳುಮನೆಯ ಕೆಲಸವನ್ನೂ ಹಂಚಿಕೊಡಿ. ಕೂತು ಗೂಡು ಬಿಡಿಸುವುದು, ಹಗುರ ಗೂಡು ವಿಂಗಡಿಸುವುದು, ಸೊಪ್ಪಿನ ಲೆಕ್ಕ ಬರೆಯುವುದು ಒಂದೇ ಕೈಯಲ್ಲಿ ಆಗುತ್ತದೆ. ಕುಡುಗೋಲು, ಏಣಿ, ಬಾವಿಯ ದಂಡೆ ಸದ್ಯಕ್ಕೆ ಬೇಡ. ಎಡಗಡೆ ಲಕ್ವ ಆದವರಲ್ಲಿ ಕೆಲವರಿಗೆ ಎಡಪಕ್ಕದ ಕಡೆ ಗಮನವೇ ಇರುವುದಿಲ್ಲ. ತಟ್ಟೆಯ ಎಡಭಾಗದ ಅನ್ನ ಹಾಗೇ ಬಿಡುತ್ತಾರೆ, ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಾರೆ. ಇದನ್ನು ಗಮನಿಸಿ ವೈದ್ಯರಿಗೆ ಹೇಳಿ. ಅವರು ಪರೀಕ್ಷಿಸಿ ಒಪ್ಪುವವರೆಗೆ ಬೈಕ್ ಮುಟ್ಟಬಾರದು.

ಇನ್ನೊಂದು ಮಾತು. ಲಕ್ವ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಊಟ, ನಿದ್ದೆ, ಮಾತು ಕಡಿಮೆಯಾಗಿದ್ದರೆ ಅದು ಬರೀ ನಾಚಿಕೆಯಲ್ಲ. ಅದಕ್ಕೆ ಔಷಧಿ ಇದೆ.

ಪ್ರಶ್ನೆ: ನಮ್ಮ ತಾಯಿಗೆ ಬಲಗಡೆ ಲಕ್ವ ಆಗಿ ಮಾತು ನಿಂತುಹೋಯಿತು. ನಾವು ಹೇಳಿದ್ದು ಅರ್ಥವಾಗುತ್ತದೆ. ‘ನೀರು’ ಅನ್ನಲು ಹೋಗಿ ಬೇರೇನೋ ಅನ್ನುತ್ತಾರೆ, ಆಮೇಲೆ ಅಳುತ್ತಾರೆ. ನೆಂಟರು ಬಂದರೆ ಕಿವುಡರ ಹತ್ತಿರ ಮಾತಾಡಿದಂತೆ ಕೂಗುತ್ತಾರೆ.
– ಮಗ, ಮಾಂಬಳ್ಳಿ

ಉತ್ತರ: ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಮಿದುಳಿನ ಎಡಭಾಗದಲ್ಲಿದೆ. ಆ ಭಾಗಕ್ಕೆ ರಕ್ತ ನಿಂತರೆ ಬಲಗೈ, ಬಲಗಾಲಿನ ಜೊತೆ ಮಾತೂ ಕೆಡುತ್ತದೆ. ನಿಮ್ಮ ತಾಯಿಯ ಬುದ್ಧಿ ಕೆಟ್ಟಿಲ್ಲ, ಕಿವಿಯೂ ಕೆಟ್ಟಿಲ್ಲ. ಮನಸ್ಸಿನಲ್ಲಿರುವ ಪದ ಬಾಯಿಗೆ ಸಿಗುತ್ತಿಲ್ಲ ಅಷ್ಟೆ. ನೆಂಟರಿಗೆ ಇದನ್ನು ಬಾಗಿಲಲ್ಲೇ ಹೇಳಿಬಿಡಿ.

ಎದುರು ಕೂತು, ಟಿ.ವಿ. ಆರಿಸಿ, ಒಂದು ಸಲಕ್ಕೆ ಒಂದೇ ಮಾತು ಕೇಳಿ. ‘ಕಾಫಿ ಬೇಕಾ?’ ಎಂದರೆ ತಲೆಯಾಡಿಸಿ ಉತ್ತರ ಕೊಡಬಹುದು. ‘ಏನು ಬೇಕು?’ ಎಂದರೆ ಪದ ಹುಡುಕಿ ಒದ್ದಾಡುತ್ತಾರೆ. ಅವರು ಹುಡುಕುತ್ತಿರುವಾಗ ನೀವು ತಕ್ಷಣ ಪೂರ್ತಿ ಮಾಡಬೇಡಿ, ಸ್ವಲ್ಪ ಕಾಯಿರಿ. ಲೋಟ, ಮಾತ್ರೆ, ಬಚ್ಚಲು, ಮೊಮ್ಮಕ್ಕಳ ಫೋಟೊಗಳನ್ನು ಒಂದು ಹಾಳೆಗೆ ಅಂಟಿಸಿ ಕೈಗೆಟಕುವಲ್ಲಿಡಿ. ಮಾತು ಬಾರದ ಕೆಲವರಿಗೆ ಹಾಡು ಬರುತ್ತದೆ. ಎಣಿಕೆ, ದೇವರ ಹೆಸರು ತಾವಾಗಿ ಬಾಯಿಗೆ ಬರುತ್ತವೆ. ತಾಯಿಗೆ ಸೋಬಾನೆಯೋ ಮಾದಪ್ಪನ ಪದವೋ ಬರುತ್ತಿದ್ದರೆ ಜೊತೆಗೆ ಹಾಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಮಕ್ಕಳಿಗೆ ಮಾತ್ರ ಚಿಕಿತ್ಸೆ ಎಂದು ಹಲವರು ತಿಳಿದಿದ್ದಾರೆ. ಲಕ್ವದಿಂದ ಮಾತು ಹೋದ ದೊಡ್ಡವರಿಗೂ ಕೊಡುತ್ತಾರೆ. ಒಮ್ಮೆ ತೋರಿಸಿ, ಮನೆಯಲ್ಲಿ ಮಾಡಿಸುವ ಅಭ್ಯಾಸ ಕಲಿತು ಬನ್ನಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅದನ್ನೂ ಅಲ್ಲಿ ಹೇಳಿ, ನುಂಗುವ ತೊಂದರೆ ಇರಬಹುದು. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿಯೇ ಉಣಿಸಿ.

ಪ್ರಶ್ನೆ: ಎಂಟು ತಿಂಗಳಿಂದ ಮಾವನವರನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಸ್ನಾನ, ಊಟ, ಬಟ್ಟೆ ಎಲ್ಲ ನಾನೇ. ಸೊಂಟ ಹಿಡಿದಿದೆ, ರಾತ್ರಿ ನಿದ್ದೆ ಇಲ್ಲ. ಒಂದೊಂದು ಸಲ ರೇಗಿಬಿಡುತ್ತೇನೆ, ಆಮೇಲೆ ಪಾಪ ಅನಿಸುತ್ತದೆ. ಯಾರಿಗೂ ಹೇಳಿಕೊಳ್ಳಲು ಆಗುತ್ತಿಲ್ಲ.
– ಸೊಸೆ, ಕೊಳ್ಳೇಗಾಲ

ಉತ್ತರ: ರೇಗಿದ್ದು ನೀವು ಕೆಟ್ಟವರಾಗಿದ್ದರಿಂದಲ್ಲ, ದಣಿದಿದ್ದರಿಂದ. ಒಬ್ಬರೇ ಹೊರುವ ಕೆಲಸವಲ್ಲ ಇದು.

ಮೊದಲು ಸೊಂಟ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಸೋತ ಕೈ ಹಿಡಿದಂತೂ ಎಳೆಯಲೇಬೇಡಿ; ಅವರ ಭುಜದ ಕೀಲು ಜಾರುತ್ತದೆ. ಅವರನ್ನು ಮಂಚದ ಅಂಚಿಗೆ ತಂದು, ಪಾದ ನೆಲಕ್ಕೆ ಊರಿಸಿ, ಸೊಂಟಕ್ಕೆ ಗಟ್ಟಿ ಟವೆಲ್ ಸುತ್ತಿ ಹಿಡಿಯಿರಿ. ಮುಂದಕ್ಕೆ ಬಾಗಿಸಿ ‘ಏಳಿ ಮಾವ’ ಅನ್ನಿ. ಅವರು ಏಳುವಾಗ ನೀವು ಆಸರೆ ಮಾತ್ರ. ಕೂತು ಬಳಸುವ ಕಮೋಡ್ ಕುರ್ಚಿ ತಂದರೆ ಅರ್ಧ ಶ್ರಮ ಕಡಿಮೆ. ಅವರ ಕೈಲಾಗುವುದನ್ನು ಅವರೇ ಮಾಡಲಿ. ಒಂದು ಗುಂಡಿ ಹಾಕಲು ಐದು ನಿಮಿಷ ಹಿಡಿದರೂ ಅದೇ ಅವರ ವ್ಯಾಯಾಮ.

ಎರಡನೆಯದು ಸರದಿ. ನಿಮ್ಮ ಯಜಮಾನರು, ಮೈದುನ, ನಾದಿನಿಯರನ್ನು ಕೂರಿಸಿ ಕೆಲಸಗಳ ಪಟ್ಟಿ ಓದಿ. ‘ಸಹಾಯ ಮಾಡಿ’ ಎಂದರೆ ಯಾರೂ ಏಳುವುದಿಲ್ಲ. ‘ಭಾನುವಾರದ ಸ್ನಾನ ನಿಮ್ಮದು’ ಎಂದು ಹೇಳಬೇಕು. ವಾರದಲ್ಲಿ ಅರ್ಧ ದಿನ ನಿಮ್ಮದೇ ಆಗಿರಲಿ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ತವರಿಗೆ ಹೋಗಿ ಬನ್ನಿ. ನಿಮ್ಮ ಬಿ.ಪಿ., ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಹೇಳಿಕೊಳ್ಳಲು ಯಾರೂ ಇಲ್ಲ ಅನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಅಣ್ಣನಿಗೆ ಪಾರಿವಾಳದ ರಕ್ತ ಹಚ್ಚಿಸಿದರೆ ಲಕ್ವ ವಾಸಿಯಾಗುತ್ತದೆ ಅಂತ ಹೇಳುತ್ತಾರೆ. ಮಾತ್ರೆ ನಿಲ್ಲಿಸಬಹುದೇ?
– ತಮ್ಮ, ಹನೂರು

ಉತ್ತರ: ತೊಂದರೆ ಇರುವುದು ಕೈಯಲ್ಲಲ್ಲ, ಮಿದುಳಿನ ರಕ್ತನಾಳದಲ್ಲಿ. ಚರ್ಮಕ್ಕೆ ಹಚ್ಚಿದ ರಕ್ತ ಅಲ್ಲಿಗೆ ತಲುಪದು. ಮೈಗೆ ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ಅಡ್ಡಿಯಿಲ್ಲ. ಬಿಸಿ ಶಾಖ ಕೊಡುವಾಗ ಎಚ್ಚರ, ಸ್ಪರ್ಶ ತಿಳಿಯದ ಕಡೆ ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಬಿ.ಪಿ., ಸಕ್ಕರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ವೈದ್ಯರು ಹೇಳದೆ ಒಂದು ದಿನವೂ ನಿಲ್ಲಿಸಬೇಡಿ. ಮತ್ತೆ ಲಕ್ವ ಬಾರದಂತೆ ಕಾಯುವುದು ಅವೇ. ಬೀಡಿ, ಹೊಗೆಸೊಪ್ಪು, ಹೆಂಡ ಬಿಡಿಸಿ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಆ ಕ್ಷಣವೇ 108. ರಕ್ತದ ಗರಣೆ ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ. ಅಷ್ಟರೊಳಗೆ ತಲೆಯ ಸ್ಕ್ಯಾನ್ ಕೂಡ ಆಗಬೇಕು. ಬೆಟ್ಟದ ದಾರಿಯಿಂದ ಬರುವವರು ಒಂದು ನಿಮಿಷವನ್ನೂ ಕಳೆಯಬಾರದು.

ಪ್ರಶ್ನೆ: ನಮ್ಮ ಊರಲ್ಲಿ ಲಕ್ವ ಆಗಿ ಮನೆ ಹಿಡಿದವರು ನಾಲ್ಕೈದು ಜನ ಇದ್ದಾರೆ. ಪಂಚಾಯ್ತಿಯಿಂದ, ಊರಿನಿಂದ ಏನು ಮಾಡಬಹುದು?
– ಗ್ರಾಮ ಪಂಚಾಯ್ತಿ ಸದಸ್ಯ, ಯಳಂದೂರು ತಾಲ್ಲೂಕು

ಉತ್ತರ: ನಿಮ್ಮ ತಾಲ್ಲೂಕಿಗೆ ಇದು ಹೊಸ ಕೆಲಸವಲ್ಲ. 1980ರ ದಶಕದಲ್ಲಿ ಯಳಂದೂರಿನಲ್ಲಿ ಕುಷ್ಠರೋಗ ಹೆಚ್ಚಾಗಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡುತ್ತಿದ್ದ ಡಾ. ಎಚ್. ಸುದರ್ಶನ್ 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದ್ದು ಆ ರೋಗದ ನಿಯಂತ್ರಣಕ್ಕೇ. ಮನೆಮನೆಗೆ ಹೋಗಿ ರೋಗಿಗಳನ್ನು ಗುರುತಿಸಿ, ಮಾತ್ರೆ ಕೊಟ್ಟು, ರೋಗ ಇಳಿಸಿದರು. ಮನೆಯೊಳಗೆ ಅಡಗಿ ಕೂತವರನ್ನು ಹುಡುಕಿಕೊಂಡು ಹೋಗುವುದು ಹೇಗೆಂದು ಈ ಊರುಗಳು ಆಗಲೇ ಕಂಡಿವೆ. ಲಕ್ವ ಅಂಟುವ ರೋಗವೂ ಅಲ್ಲ, ಹಾಗಾಗಿ ನಿಮ್ಮ ಕೆಲಸ ಇನ್ನೂ ಸುಲಭ.

ಆಶಾ ಕಾರ್ಯಕರ್ತೆಯ ಜೊತೆ ಒಂದು ಪಟ್ಟಿ ಮಾಡಿ. ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಆ ಮನೆಗಳಿಗೆ ಕಳಿಸಿ. ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿಸುವುದು ಅವರ ಕೆಲಸ. ಲಕ್ವದ ತಪಾಸಣೆ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ ನಡೆಯುತ್ತದೆ. ನ್ಯೂನತೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾಸಾಶನಕ್ಕೂ 100 ಕಿ.ಮೀ. ವರೆಗಿನ ರಿಯಾಯಿತಿ ಬಸ್ ಪಾಸಿಗೂ ಅರ್ಜಿ ಹಾಕಬಹುದು. ಯಳಂದೂರಿನವರಿಗೆ ಮೈಸೂರಿನ ಆಸ್ಪತ್ರೆಗಳು ಆ ದೂರದೊಳಗೇ ಬರುತ್ತವೆ.

ದುಡ್ಡಿಲ್ಲದ ಕೆಲಸಗಳೂ ಇವೆ. ಪಂಚಾಯ್ತಿ ಕಚೇರಿ, ಡೇರಿ, ದೇವಸ್ಥಾನದ ಮೆಟ್ಟಿಲಿಗೆ ಹಿಡಿಕೆ ಇದೆಯೇ ನೋಡಿ. ಅರಳಿಕಟ್ಟೆ ಎತ್ತರವಾಗಿದ್ದರೆ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿ. ಎದುರಾದಾಗಲೆಲ್ಲ ‘ಇನ್ನೂ ವಾಸಿಯಾಗಿಲ್ವಾ?’ ಎಂದು ಕೇಳುವುದನ್ನು ಬಿಟ್ಟು, ಮಳೆ, ಬೆಳೆ, ಗೂಡಿನ ರೇಟಿನ ಮಾತಾಡಿ. ಮುಂದಿನ ಗ್ರಾಮಸಭೆಗೆ ಆ ನಾಲ್ಕೈದು ಮನೆಗೂ ಹೋಗಿ ಕರೆಯಿರಿ, ಬರಲು ಒಂದು ಆಟೊ ಕಳಿಸಿ. ಬಂದವರನ್ನು ಮೂಲೆಯಲ್ಲಿ ಕೂರಿಸಬೇಡಿ, ಅವರ ಅಭಿಪ್ರಾಯವನ್ನೂ ಕೇಳಿ ನಡಾವಳಿಯಲ್ಲಿ ಬರೆಸಿ.