ಅಪ್ಪಂದಿರೇ, ನಿಮ್ಮ ಬಿಪಿ ಎಷ್ಟು?

ಶಿವಮೊಗ್ಗ ಕಡೆಯ ಗಂಡಸರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ರಾಶಿ ಅಡಿಕೆಯ ಇವತ್ತಿನ ಧಾರಣೆ ಹೇಳುತ್ತಾರೆ. ಬೆಂಗಳೂರಿನವರಾದರೆ ತಮ್ಮ ಬಡಾವಣೆಯ ಸೈಟಿಗೆ ಚದರಡಿಗೆಷ್ಟು ಎಂಬುದು ನಾಲಿಗೆಯ ತುದಿಯಲ್ಲೇ ಇರುತ್ತದೆ. ಬಿಪಿ ಎಷ್ಟು ಎಂದು ಕೇಳಿ ನೋಡಿ: ‘ನಾರ್ಮಲ್ಲೇ ಇರ್ಬೇಕು ಬಿಡಿ’. ಅಮ್ಮನ ಕಣ್ಣಿನ ಆಪರೇಷನ್ನಿಗೆ, ಹೆಂಡತಿಯ ಥೈರಾಯ್ಡ್ ಪರೀಕ್ಷೆಗೆ, ಮಗುವಿನ ಲಸಿಕೆಗೆ ರಜೆ ಹಾಕಿ ಓಡಾಡುವ ಮನುಷ್ಯ, ತನ್ನ ಸರದಿ ಬಂದಾಗ ‘ಹಬ್ಬ ಕಳೀಲಿ’ ಎನ್ನುತ್ತಾನೆ. ಅಂಥವರಿಗಾಗಿ ಇಲ್ಲಿ ಕೆಲವು ಸೂತ್ರಗಳಿವೆ. ಎಲ್ಲವೂ ಒಂದೇ ತೂಕದವಲ್ಲ. ಎರಡನೆಯದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ.

1. ಮೂರು ಅಂಕಿ ಬಾಯಿಪಾಠ ಇರಲಿ

ಬಿಪಿ 120/80ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಎರಡು ಮೂರು ಸಲ ನೋಡಿದಾಗಲೂ 140/90 ಮುಟ್ಟುತ್ತಿದ್ದರೆ ಅದು ಕಾಯಿಲೆಯೇ. ತಲೆನೋವು, ತಲೆಸುತ್ತು ಬಂದು ಹೇಳಿಹೋಗುತ್ತದೆ ಎಂದು ಕಾಯಬೇಡಿ, ಬಹಳ ಜನರಲ್ಲಿ ಅದು ಬರುವುದೇ ಇಲ್ಲ. ಖಾಲಿ ಹೊಟ್ಟೆಯ ಶುಗರ್ 100ರೊಳಗಿರಬೇಕು. 126 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಿ. ಇವೆರಡರ ನಡುವೆ ಇರುವವರೇ ಪುಣ್ಯವಂತರು, ಅವರಿಗೆ ಹಿಂದಿರುಗುವ ದಾರಿ ಇನ್ನೂ ತೆರೆದಿದೆ.

ಮೂರನೆಯದು ಸೊಂಟದ ಸುತ್ತಳತೆ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಗಡಿ. ಪ್ಯಾಂಟಿನ ಸೈಜನ್ನು ನಂಬಬೇಡಿ. ಹೊಟ್ಟೆಯ ಕೆಳಗೆ ಬೆಲ್ಟು ಬಿಗಿದು ‘ನಂದಿನ್ನೂ ಮೂವತ್ನಾಲ್ಕೇ’ ಎಂದು ಬೀಗುವವರು ಎಲ್ಲ ಆಫೀಸಿನಲ್ಲೂ ಇದ್ದಾರೆ. ಟೇಪನ್ನು ಹೊಕ್ಕುಳಿನ ಮಟ್ಟದಲ್ಲಿ ಸುತ್ತಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ನೋಡಿ. 30 ದಾಟಿದವರಿಗೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಗರದ ‘ನಮ್ಮ ಕ್ಲಿನಿಕ್’ನಲ್ಲಿ ಬಿಪಿ, ಶುಗರ್ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ.

2. ‘ಗ್ಯಾಸು’ ಎಂದು ನೀವೇ ತೀರ್ಪು ಕೊಡಬೇಡಿ

ಎದೆ ಹಿಡಿದಂತಾಗುತ್ತದೆ. ‘ರಾತ್ರಿ ಬಜ್ಜಿ ತಿಂದಿದ್ದೆ, ಗ್ಯಾಸ್ಟ್ರಿಕ್ಕು’ ಎಂಬ ತೀರ್ಮಾನ ಆ ಕ್ಷಣದಲ್ಲೇ ಆಗಿಬಿಡುತ್ತದೆ. ಒಂದು ಸೋಡಾ, ಆಮೇಲೆ ಜೀರಿಗೆ ಕಷಾಯ, ಆಮೇಲೆ ‘ಸ್ವಲ್ಪ ಮಲಗ್ತೀನಿ, ಯಾರೂ ಎಬ್ಬಿಸ್ಬೇಡಿ’. ಅಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ. ಹೃದಯದ ರಕ್ತನಾಳ ಮುಚ್ಚಿಕೊಂಡ ಮೇಲೆ ಅದರ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ಆ ಮೊದಲ ಗಂಟೆಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಎದೆಯ ನಡುವೆ ಯಾರೋ ಕೂತು ಒತ್ತಿದಂಥ ಭಾರ, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಇದ್ದರೆ ಕಾಯಬೇಡಿ. ಶುಗರ್ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಕಾಣಿಸಬಹುದು. 108ಕ್ಕೆ ಫೋನ್ ಮಾಡಿ. ಬೈಕ್ ಹತ್ತಿ ನೀವೇ ಹೊರಡಬೇಡಿ. ಗ್ಯಾಸೋ ಹೃದಯವೋ ಎಂದು ಹೇಳಬೇಕಾದದ್ದು ಇಸಿಜಿ ನೋಡಿದ ವೈದ್ಯರು. ಮೊದಲ ಇಸಿಜಿ ಸರಿ ಬಂದರೂ ನೋವು ಮುಂದುವರಿದರೆ ಮತ್ತೊಮ್ಮೆ ತೆಗೆಸಬೇಕು.

2021ರ ಅಕ್ಟೋಬರ್ 29ರಂದು 46ರ ಹರೆಯದ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡದ್ದು ಯಾರಿಗೂ ಮರೆತಿಲ್ಲ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಶುರುಮಾಡಿದ ‘ಹೃದಯ ಜ್ಯೋತಿ’ ಯೋಜನೆ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ, ಹೊರಗೆ ಸಾವಿರಾರು ರೂಪಾಯಿ ಬೀಳುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಎದೆ ಹಿಡಿದಾಗ ವಿಚಾರಿಸುವುದಕ್ಕೆ ಆಗುವುದಿಲ್ಲ.

3. ಹೆದರಿ ಓಡಬೇಡಿ, ಹುಟ್ಟುಹಬ್ಬಕ್ಕೆ ಹೋಗಿ

2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಟಿವಿ ತುಂಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು. ಭಯದಿಂದ ಮಾಡಿಸುವ ತಪಾಸಣೆ ಒಂದೇ ಸಲಕ್ಕೆ ಮುಗಿಯುತ್ತದೆ. ವರ್ಷಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ, ಹುಟ್ಟುಹಬ್ಬವಾದರೆ ಮರೆಯುವುದಿಲ್ಲ.

4. ಬಾಯಿ ತೆರೆದು ಕನ್ನಡಿ ನೋಡಿ

ಅಡಿಕೆಯನ್ನೇ ನಂಬಿ ಬದುಕುವ ನಾಡಿನಲ್ಲಿ ಇದನ್ನು ಬರೆದರೆ ಬೈಗುಳ ಗ್ಯಾರಂಟಿ. ಆದರೂ ಬರೆಯಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಗುಟ್ಕಾ, ಹೊಗೆಸೊಪ್ಪಿನ ಮಾತು ಬೇರೆ ಹೇಳಬೇಕಿಲ್ಲ. ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಲು ಆಗುತ್ತಿಲ್ಲವೇ? ಕೆನ್ನೆಯೊಳಗೆ ಬಿಳಿ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ? ದಂತ ವೈದ್ಯರಿಗೆ ತೋರಿಸಿ. ತಂಬಾಕು ಬಿಡಬೇಕೆಂದಿರುವವರು 1800-11-2356ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

5. ಗೋಡೆ ಬರಹದ ವೈದ್ಯರನ್ನು ದೂರವಿಡಿ

ಬಸ್‌ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ’ ಜಾಹೀರಾತಿಗೆ ಗಿರಾಕಿಗಳು ನಾವೇ. ನಿಮಿರುವಿಕೆಯಲ್ಲಿ ತೊಂದರೆ ಕಾಣಿಸಿಕೊಂಡರೆ ಮೊದಲು ಮಾಡಿಸಬೇಕಾದದ್ದು ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು. ಹಾಗಾಗಿ ನಾಳ ಕಟ್ಟಿಕೊಳ್ಳುವ ಕಾಯಿಲೆ ಎಷ್ಟೋ ಸಲ ಅಲ್ಲಿ ಮೊದಲು ಕಾಣಿಸಿಕೊಂಡು, ಕೆಲವು ವರ್ಷದ ನಂತರ ಎದೆಗೆ ಬರುತ್ತದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ‘ಶಕ್ತಿಯ ಮಾತ್ರೆ’ ನುಂಗಿದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು.

6. ಮಾತ್ರೆ ನಿಲ್ಲಿಸುವ ಅಧಿಕಾರ ನಿಮ್ಮದಲ್ಲ

‘ಬಿಪಿ ನಾರ್ಮಲ್ ಬಂತು, ಗುಳಿಗೆ ಬಿಟ್ಟೆ.’ ಸ್ವಾಮಿ, ನಾರ್ಮಲ್ ಬಂದದ್ದೇ ಗುಳಿಗೆಯಿಂದ.

7. ನಡೆಯಿರಿ, ಉಪ್ಪಿನಕಾಯಿ ಕಡಿಮೆ ಮಾಡಿ

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಸಾಕು. ಹೊಲದ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ, ಅಂಗಡಿಯಲ್ಲಿ ನಿಂತಿರುವುದು ಬರುವುದಿಲ್ಲ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಸಾರು, ಹಪ್ಪಳ, ಉಪ್ಪಿನಕಾಯಿ ಎಲ್ಲ ಸೇರಿ.

8. ‘ಗಂಡಸಾಗಿ ಅಳೋದಾ’ ಎಂಬ ಮಾತನ್ನು ಮನೆಯಿಂದ ಹೊರಹಾಕಿ

ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ನೂರು ಜನರಲ್ಲಿ ಸುಮಾರು 70 ಮಂದಿ ಗಂಡಸರು. ಸಾಲ, ಕೆಲಸ, ಬೆಳೆಯ ಚಿಂತೆ ಅವರಲ್ಲಿ ಕಣ್ಣೀರಾಗಿ ಹೊರಬರುವುದು ಕಡಿಮೆ. ಸಿಡುಕಾಗಿ, ಹೆಚ್ಚಿದ ಕುಡಿತವಾಗಿ, ಊಟದ ಹೊತ್ತಿನ ಮೌನವಾಗಿ ಕಾಣಿಸಿಕೊಳ್ಳುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ದಿನದ 24 ಗಂಟೆಯೂ, ಕನ್ನಡದಲ್ಲೂ ಸಿಗುತ್ತದೆ.

9. ಮಕ್ಕಳಿಗೆ: ಅಪ್ಪನಿಗೆ ಭಾಷಣ ಬೇಡ

‘ಅಪ್ಪ, ಬೆಳಿಗ್ಗೆ ಆಸ್ಪತ್ರೆಗೆ ಬಾ, ನಂದೂ ಚೆಕ್ ಮಾಡಿಸ್ಬೇಕು.’

‘ನಂಗೇನಾಗಿದ್ಯೋ?’

‘ಏನೂ ಆಗಿಲ್ಲ ಅಂತ ಬರೆಸ್ಕೊಂಡು ಬರೋಣ.’

ಇಷ್ಟಕ್ಕೂ ಒಪ್ಪದಿದ್ದರೆ ಈ ವಿಷಯ ಹೇಳಿ: ತಂದೆಗೆ 55 ತುಂಬುವ ಮೊದಲೇ ಹೃದಯ ಕಾಯಿಲೆ ಬಂದಿದ್ದರೆ ಮಕ್ಕಳಿಗೂ ಅಪಾಯ ಹೆಚ್ಚು, ಅವರು ಬೇಗ ತಪಾಸಣೆ ಶುರುಮಾಡಬೇಕು. ತನಗಾಗಿ ಕದಲದ ಅಪ್ಪ ಮಕ್ಕಳಿಗಾಗಿ ಎದ್ದು ಚಪ್ಪಲಿ ಮೆಟ್ಟುತ್ತಾನೆ. ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಗೆ 8 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಕಾಫಿ ಮಾತ್ರ ರಕ್ತ ಕೊಟ್ಟ ಮೇಲೆ.